ಏರಿ ಕೂತ ಮೂರು

ಅಕ್ಕನ ಮಗಳು ಏಳನೇ ತರಗತಿಯಲ್ಲಿದ್ದ ವರ್ಷ ಕೊರೋನಾದಿಂದ ಶಾಲೆಗಳು ಮುಚ್ಚಿದ್ದವು. ಪಾಠ, ಹೋಮ್‌ವರ್ಕ್, ಕಿರುಪರೀಕ್ಷೆ ಎಲ್ಲ ಫೋನಿನಲ್ಲೇ. ಒಂದು ಸಂಜೆ ಮುಖ ಊದಿಸಿಕೊಂಡು ಬಂದಳು. "ಮಾಮ, ಇದ್ರಲ್ಲಿ ಏನು ತಪ್ಪಿದೆ ಹೇಳು. ಮಿಸ್ ಸೊನ್ನೆ ಕೊಟ್ಟಿದ್ದಾರೆ." ಪ್ರಶ್ನೆ ಹೀಗಿತ್ತು: 23 + 32 = ? ಅವಳು 55 ಎಂದು ಬರೆದಿದ್ದಳು. ಸರಿಯುತ್ತರ 17 ಎಂದು ಮಿಸ್ ಕೆಳಗೆ ಹಾಕಿದ್ದರು.

ನನಗೂ ಒಂದು ಗಳಿಗೆ ತಿಳಿಯಲಿಲ್ಲ. ಈ ವಾರ ಯಾವ ಪಾಠ ನಡೀತಿದೆ ಎಂದು ಕೇಳಿದೆ. ಘಾತಾಂಕ ಅಂದಳು. ಆಗ ಹೊಳೆಯಿತು. ಮಿಸ್ ತಮ್ಮ ಕಂಪ್ಯೂಟರಿನಲ್ಲಿ ಬರೆದದ್ದು 2³ + 3². ಎರಡರ ಘನ 8, ಮೂರರ ವರ್ಗ 9, ಕೂಡಿದರೆ 17. ಅದನ್ನು ಅಲ್ಲಿಂದ ಎತ್ತಿ ತರಗತಿಯ ಗುಂಪಿಗೆ ಅಂಟಿಸುವಾಗ, ಎರಡರ ಹೆಗಲೇರಿ ಕೂತಿದ್ದ ಮೂರು ಕೆಳಗಿಳಿದು ಪಕ್ಕದಲ್ಲಿ ನಿಂತುಬಿಟ್ಟಿತ್ತು. ಮಗು ಕಣ್ಣಿಗೆ ಕಂಡದ್ದನ್ನು ಕೂಡಿಸಿತು. ಮಿಸ್ ಬರೆದದ್ದೂ ಸರಿ, ಮಗು ಮಾಡಿದ್ದೂ ಸರಿ. ನಡುದಾರಿಯಲ್ಲಿ ಕಳೆದುಹೋದದ್ದು ಒಂದಿಷ್ಟು ಎತ್ತರ.

ಅದು ಹೇಗೆ ಕಳೆದುಹೋಯಿತು ಎಂದು ನೋಡೋಣ. ಕಂಪ್ಯೂಟರಾಗಲಿ ಫೋನಾಗಲಿ ಅಕ್ಷರದ ಆಕಾರವನ್ನು ಜೋಪಾನ ಮಾಡುವುದಿಲ್ಲ. ಜೋಪಾನ ಮಾಡುವುದು ಒಂದು ಸಂಖ್ಯೆಯನ್ನು. ಕೀಲಿಮಣೆಯಲ್ಲಿ 2 ಒತ್ತಿದರೆ ಒಳಗೆ ದಾಖಲಾಗುವುದು 50. 3 ಒತ್ತಿದರೆ 51. ತೆರೆಯ ಮೇಲೆ ತೋರಿಸುವ ಹೊತ್ತಿಗೆ ಫಾಂಟ್ ಎಂಬ ಚಿತ್ರಗಳ ಕಟ್ಟನ್ನು ಬಿಚ್ಚಿ, 51ಕ್ಕೆ ಯಾವ ಚಿತ್ರವಿದೆಯೋ ಅದನ್ನು ಬಿಡಿಸುತ್ತದೆ. ಮಿಸ್ ಬರೆದದ್ದು ಅದೇ 51. ಜೊತೆಗೆ 'ಇದನ್ನು ಚಿಕ್ಕದಾಗಿಸಿ ಮೇಲಕ್ಕೆತ್ತು' ಎಂಬ ಅಪ್ಪಣೆಯನ್ನು ಹಚ್ಚಿದ್ದರು. ಫೋನಿನ ಸಂದೇಶ ಸಂಖ್ಯೆಗಳನ್ನು ಹೊತ್ತು ತಂದಿತು, ಅಪ್ಪಣೆಯನ್ನು ಅಲ್ಲೇ ಬಿಟ್ಟುಬಂತು. ಆದರೆ ಏರಿ ಕೂತ ಮೂರಕ್ಕೆ ತನ್ನದೇ ಆದ ಒಂದು ಸಂಖ್ಯೆಯಿದೆ: 179. ಅದು ಸಾದಾ ಮೂರಲ್ಲ, ಬೇರೆಯೇ ಅಕ್ಷರ. ಮಿಸ್ 50ರ ಪಕ್ಕದಲ್ಲಿ ಆ 179ನ್ನು ಇಟ್ಟಿದ್ದರೆ, ಯಾವ ಫೋನಿಗೆ ಹೋದರೂ ಎರಡರ ಘನ ಎರಡರ ಘನವಾಗಿಯೇ ತಲುಪುತ್ತಿತ್ತು.

ಈ ಅಧ್ಯಾಯದಲ್ಲಿ ನಾನು ಹೇಳಹೊರಟಿರುವುದು ಮುಖ್ಯವಾಗಿ ಇಷ್ಟೇ. ತೆರೆಯ ಮೇಲೆ ಸರಿಯಾಗಿ ಕಾಣುವ ಚಿಹ್ನೆ ಬೇರೆ, ಒಳಗೂ ಸರಿಯಾಗಿರುವ ಚಿಹ್ನೆ ಬೇರೆ. ಜ್ವರದ ಲೆಕ್ಕ ಬರೆಯುವಾಗ 37ರ ಪಕ್ಕ ಒಂದು ಸೊನ್ನೆ ಹಾಕಿ, ಅದನ್ನು ಚಿಕ್ಕದು ಮಾಡಿ ಮೇಲಕ್ಕೇರಿಸಿ 'ಡಿಗ್ರಿ' ಮಾಡುವವರನ್ನು ಬಹಳ ನೋಡಿದ್ದೇನೆ. ಅಂಟಿಸಿದ ಮೇಲೆ ಅದು 370 ಆಗುತ್ತದೆ. ನಿಜವಾದ ಡಿಗ್ರಿ ಚಿಹ್ನೆ ° ಬೇರೆ ಇದೆ, ಅದರ ಸಂಖ್ಯೆ 176.

ಕನ್ನಡದಲ್ಲಿ ಟೈಪು ಮಾಡಿದವರಿಗೆ ಈ ಸಂಕಟ ಹೊಸದಲ್ಲ. ಎಲ್ಲ ಭಾಷೆಗಳಿಗೂ ಒಂದೇ ಸಂಖ್ಯಾಪಟ್ಟಿಯಾದ ಯೂನಿಕೋಡ್ ಬಳಕೆಗೆ ಬರುವ ಮುಂಚೆ ನಾವು 'ನುಡಿ', 'ಬರಹ' ಎಂಬ ತಂತ್ರಾಂಶಗಳಲ್ಲಿ ಬರೆದದ್ದು, ಇಂಗ್ಲಿಷ್ ಮತ್ತಿತರ ಯುರೋಪಿನ ಅಕ್ಷರಗಳ ಸಂಖ್ಯೆಗಳಿಗೆ ಕನ್ನಡದ ಚಿತ್ರ ತೊಡಿಸಿದ ಫಾಂಟುಗಳಲ್ಲಿ. ಕನ್ನಡ ಕಂಪ್ಯೂಟರಿಗೆ ಬಂದದ್ದೇ ಆ ಉಪಾಯದಿಂದ. ಅದರ ಋಣ ದೊಡ್ಡದು. ಆದರೆ ಅಂಥ ಹಳೆಯ ಕಡತವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡವೆಲ್ಲ ಮಾಯವಾಗಿ, ಕೊಂಬು ಟೋಪಿ ಹೊತ್ತ ಪರದೇಶದ ಅಕ್ಷರಗಳು ಸಾಲುಗಟ್ಟಿ ನಿಲ್ಲುತ್ತವೆ. ಗಣಿತದವರೂ ಇದೇ ಉಪಾಯ ಮಾಡಿಕೊಂಡಿದ್ದರು. 'ಸಿಂಬಲ್' ಎಂಬ ಫಾಂಟನ್ನು ಆರಿಸಿ ಇಂಗ್ಲಿಷಿನ ಪಿ ಒತ್ತಿದರೆ π ಕಾಣುತ್ತಿತ್ತು, ಎಂ ಒತ್ತಿದರೆ μ. ಒಳಗಿದ್ದದ್ದು ಮಾತ್ರ ಬರೀ ಪಿ, ಬರೀ ಎಂ.

ಇದರಲ್ಲಿ ಅಪಾಯವೂ ಇದೆ. ಮೈಕ್ರೋಗ್ರಾಮನ್ನು ಸೂಚಿಸುವುದು ಗ್ರೀಕಿನ μ. ಅದನ್ನು ಸಿಂಬಲ್ ಫಾಂಟಿನಲ್ಲಿ ಬರೆದಿದ್ದು, ಆ ಫಾಂಟ್ ಉದುರಿಹೋದರೆ ಉಳಿಯುವುದು ಎಂ. ಎಂ-ಜಿ ಅಂದರೆ ಮಿಲಿಗ್ರಾಂ, ಅಂದರೆ ಒಮ್ಮೆಗೇ ಸಾವಿರ ಪಟ್ಟು. ಥೈರಾಯ್ಡ್ ಕೊರತೆಯಿರುವವರು ದಿನವೂ ಬೆಳಿಗ್ಗೆ ನುಂಗುವ ಪುಟ್ಟ ಮಾತ್ರೆಯ ಅಳತೆ ಮೈಕ್ರೋಗ್ರಾಮಿನಲ್ಲೇ ಇರುತ್ತದೆ. ಕೈಬರಹದಲ್ಲಿಯೂ μ ಮತ್ತು ಎಂ ಒಂದರಂತೆ ಇನ್ನೊಂದು ಕಾಣುತ್ತವೆ. ಅದಕ್ಕಾಗಿಯೇ ಔಷಧ ಸುರಕ್ಷತೆಯ ಕೆಲಸ ಮಾಡುವವರು ಈ ಗ್ರೀಕ್ ಅಕ್ಷರವೇ ಬೇಡ, ಇಂಗ್ಲಿಷಿನಲ್ಲಿ ಎಂ-ಸಿ-ಜಿ ಎಂದು ಬಿಡಿಸಿ ಬರೆಯಿರಿ ಎನ್ನುತ್ತಾರೆ. ಮಾತ್ರೆಯ ಪಟ್ಟಿಯನ್ನು ತಿರುಗಿಸಿ ನೋಡಿದರೆ ಆ ಮೂರು ಅಕ್ಷರ ಕಾಣಸಿಗುತ್ತವೆ.

ನಮ್ಮ ರೂಪಾಯಿ ಚಿಹ್ನೆಯೂ ಸ್ವಲ್ಪ ಕಾಲ ಇದೇ ಪಾಡು ಪಟ್ಟಿತು. ಉದಯ ಕುಮಾರ್ ರಚಿಸಿದ ₹ ಚಿಹ್ನೆಯನ್ನು ಕೇಂದ್ರ ಸರ್ಕಾರ ಒಪ್ಪಿದ್ದು 2010ರ ಜುಲೈ 15ರಂದು. ಆಗ ಅದಕ್ಕೆ ಸಂಖ್ಯೆಯೇ ಇರಲಿಲ್ಲ. ಜನ ಕಾಯಬೇಕಾಗಬಾರದು ಎಂದು ಮಂಗಳೂರಿನ ಒಂದು ಸಂಸ್ಥೆ ತಡಮಾಡದೆ ಫಾಂಟೊಂದನ್ನು ಉಚಿತವಾಗಿ ಹಂಚಿತು. ಕೀಲಿಮಣೆಯಲ್ಲಿ ಟ್ಯಾಬ್ ಕೀಲಿಯ ಮೇಲಿರುವ ಓರೆಗೀಟಿನ ಕೀಲಿ ಒತ್ತಿದರೆ ₹ ಮೂಡುತ್ತಿತ್ತು. ಆ ಫಾಂಟ್ ಇದ್ದವರಿಗೆ ರೂಪಾಯಿ, ಇಲ್ಲದವರಿಗೆ ಅಂಕಿಯ ಹಿಂದೆ ಒಂದು ಓರೆಗೀಟು. ಅದೇ ವರ್ಷ ಅಕ್ಟೋಬರಿನಲ್ಲಿ ಬಂದ ಯೂನಿಕೋಡ್ 6.0 ಆವೃತ್ತಿ ರೂಪಾಯಿಗೆ 8377 ಎಂಬ ಸ್ವಂತ ಸಂಖ್ಯೆ ಕೊಟ್ಟಿತು. ಅಲ್ಲಿಂದಾಚೆ ಓರೆಗೀಟು ಓರೆಗೀಟಾಗಿ ಉಳಿಯಿತು, ರೂಪಾಯಿ ರೂಪಾಯಿಯಾಯಿತು.

ಗಣಿತದ ಚಿಹ್ನೆಗಳು ಕೀಲಿಮಣೆಯ ಮೇಲೆ ಮೊದಲಿನಿಂದಲೂ ಯಾಕಿಲ್ಲ? ಭಾಸ್ಕರಾಚಾರ್ಯರಿಗೆ ಈ ತೊಡಕೇ ಇರಲಿಲ್ಲ. 12ನೇ ಶತಮಾನದ ಅವರ ಬೀಜಗಣಿತದಲ್ಲಿ ಗೊತ್ತಿಲ್ಲದ ರಾಶಿಯ ಹೆಸರು 'ಯಾವತ್ತಾವತ್', ಚಿಹ್ನೆ 'ಯಾ'. ಇನ್ನೊಂದು ಗೊತ್ತಿಲ್ಲದ ರಾಶಿ ಬಂದರೆ 'ಕಾಲಕ', ಅದಕ್ಕೆ 'ಕಾ'. ಮತ್ತೊಂದಕ್ಕೆ 'ನೀಲಕ', ಅಂದರೆ 'ನೀ'. ವರ್ಗಕ್ಕೆ 'ವ', ಬರೀ ಸಂಖ್ಯೆಗೆ 'ರೂ'. ಋಣಸಂಖ್ಯೆಯಾದರೆ ಅಂಕಿಯ ನೆತ್ತಿಯ ಮೇಲೊಂದು ಚುಕ್ಕಿ. 'ಯಾವ 1 ಯಾ 2 ರೂ 3' ಎಂದರೆ ಒಂದು ರಾಶಿಯ ವರ್ಗ, ಅದೇ ರಾಶಿಯ ಎರಡರಷ್ಟು, ಮೇಲೆ ಮೂರು. ಚಿಹ್ನೆಗಳೆಲ್ಲ ಅಕ್ಷರಮಾಲೆಯೊಳಗಿನವೇ ಆದ್ದರಿಂದ ಓಲೆಯ ಮೇಲೆ ಕೊರೆಯುವವನಿಗೆ ಹೊಸದೇನನ್ನೂ ಕಲಿಯಬೇಕಾಗಿರಲಿಲ್ಲ.

ಅಕ್ಷರವಲ್ಲದ ಚಿಹ್ನೆಗಳು ಒಂದೊಂದಾಗಿ ಬೆಳೆದು ನೆಲೆನಿಂತದ್ದು ಯುರೋಪಿನಲ್ಲಿ, ಹೆಚ್ಚಾಗಿ ಅಚ್ಚುಮೊಳೆಯ ಕಾಲದಲ್ಲಿ. + ಮತ್ತು − ಗುರುತುಗಳು ಅಚ್ಚಾದದ್ದು 1489ರಲ್ಲಿ ಜರ್ಮನಿಯ ವಿಡ್‌ಮನ್‌ನ ಪುಸ್ತಕದಲ್ಲಿ. ವರ್ಗಮೂಲದ ಗುರುತು 1525ರಲ್ಲಿ ರುಡೋಲ್ಫ್‌ನಿಂದ ಬಂತು. ಒಂದರ ಕೆಳಗೊಂದು ಎಳೆದ ಎರಡು ಸಮಾನಾಂತರ ಗೆರೆಗಳನ್ನು ರಾಬರ್ಟ್ ರೆಕಾರ್ಡ್ 1557ರಲ್ಲಿ ಸಮಚಿಹ್ನೆಯಾಗಿ ಬಳಸಿದ. ವೃತ್ತದ ಪರಿಧಿಗೂ ವ್ಯಾಸಕ್ಕೂ ಇರುವ ಅನುಪಾತಕ್ಕೆ π ಎಂದು 1706ರಲ್ಲಿ ಬರೆದವನು ವಿಲಿಯಂ ಜೋನ್ಸ್. ರೆಕಾರ್ಡ್, ಜೋನ್ಸ್ ಇಬ್ಬರೂ ವೇಲ್ಸ್ ಎಂಬ ಚಿಕ್ಕ ನಾಡಿನವರು ಎಂಬುದು ನನಗೆ ಪ್ರತಿ ಸಲವೂ ಖುಷಿ ಕೊಡುವ ಸಂಗತಿ. ಪ್ರತಿಯೊಂದು ಹೊಸ ಚಿಹ್ನೆಗೂ ಹೊಸದೊಂದು ಮೊಳೆ ಎರಕ ಹೊಯ್ಯಬೇಕು. ಹೊಯ್ದರು, ಅಚ್ಚು ಮಾಡಿದರು, ಚಿಹ್ನೆಗಳು ಬೆಳೆದವು.

ಟೈಪ್‌ರೈಟರು ಬಂದಾಗ ಈ ಉದಾರತೆ ನಿಂತಿತು. ಅಲ್ಲಿ ಇರುವುದೇ ನಾಲ್ಕೈದು ಡಜನ್ ಕೀಲಿ. 1963ರಲ್ಲಿ ಅಮೆರಿಕದಲ್ಲಿ ರೂಪುಗೊಂಡ, ಆಸ್ಕಿ ಎಂಬ ಕಂಪ್ಯೂಟರಿನ ಅಕ್ಷರಸಂಖ್ಯೆಗಳ ಪಟ್ಟಿಯಲ್ಲಿ 128 ಮನೆಗಳಿದ್ದವು, ಅವುಗಳಲ್ಲಿ ಎಷ್ಟೋ ಯಂತ್ರಕ್ಕೆ ಕೊಡುವ ಸೂಚನೆಗಳಿಗೇ ಮೀಸಲು. +, =, <, > ಜಾಗ ಪಡೆದವು. ×, ÷, √, π ಹೊರಗುಳಿದವು. ಅದಕ್ಕೂ ಮುಂಚೆಯೇ, 1957ರ ಫೋರ್ಟ್ರಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಗುಣಿಸಲು ನಕ್ಷತ್ರದ ಗುರುತು, ಘಾತಕ್ಕೆ ಎರಡು ನಕ್ಷತ್ರ ಎಂದಾಗಿತ್ತು. ಎರಡರ ಘನವೆಂದರೆ 2**3. ಇವತ್ತಿನ ಪೈಥಾನ್ ಭಾಷೆಯಲ್ಲೂ ಹಾಗೆಯೇ ಬರೆಯುತ್ತಾರೆ. ಅಂದಿನ ಯಂತ್ರಗಳಿಗೆ ಆಗಿದ್ದ ಜಾಗದ ಅಭಾವವನ್ನು ಇಂದಿನ ಮಕ್ಕಳು ಬೆರಳಲ್ಲಿ ಹೊತ್ತಿದ್ದಾರೆ.

ಆಮೇಲೆ ಬಂದವರು 128ರ ಮುಂದೆ ಇನ್ನೊಂದು 128 ಮನೆ ಕಟ್ಟಿದರು, ಆದರೆ ಒಬ್ಬೊಬ್ಬರು ಒಂದೊಂದು ರೀತಿ. ಅದರ ಕುರುಹು ವಿಂಡೋಸಿನಲ್ಲಿ ಈಗಲೂ ಸಿಗುತ್ತದೆ. ಬಲಬದಿಯಲ್ಲಿ ಅಂಕಿಗಳ ಪ್ರತ್ಯೇಕ ಗುಂಪಿರುವ ಕೀಲಿಮಣೆ ನಿಮ್ಮದಾದರೆ, ಆಲ್ಟ್ ಒತ್ತಿ ಹಿಡಿದು ಆ ಗುಂಪಿನಲ್ಲಿ 251 ಎಂದು ಒತ್ತಿ, ಕೈಬಿಡಿ. √ ಮೂಡುತ್ತದೆ. ಈಗ ಮುಂದೊಂದು ಸೊನ್ನೆ ಸೇರಿಸಿ 0251 ಎಂದು ಒತ್ತಿ. ತಲೆಯ ಮೇಲೆ ಟೋಪಿಯಿರುವ ಫ್ರೆಂಚಿನ ಯು ಮೂಡುತ್ತದೆ. ಸಂಖ್ಯೆ ಒಂದೇ, ಪಟ್ಟಿ ಎರಡು. ಸೊನ್ನೆಯಿಲ್ಲದ್ದು 1981ರ ಐಬಿಎಂ ಪಿಸಿಯ ಪಟ್ಟಿ. ಅದರಲ್ಲಿ π (227), ∞ (236), ≤ (243) ಎಲ್ಲ ಇದ್ದವು. ಸೊನ್ನೆಯಿರುವುದು ವಿಂಡೋಸಿನ ಸ್ವಂತ ಪಟ್ಟಿ. ಅದರಲ್ಲಿ × (0215), ÷ (0247), ± (0177), ° (0176) ಇವೆ, √ ಇಲ್ಲ. ಎರಡು ಕಂಪ್ಯೂಟರುಗಳು ಬೇರೆ ಬೇರೆ ಪಟ್ಟಿ ಹಿಡಿದು ಕೂತರೆ ಒಬ್ಬರ ವರ್ಗಮೂಲ ಇನ್ನೊಬ್ಬರಿಗೆ ಫ್ರೆಂಚ್ ಅಕ್ಷರವಾಗುವುದು ಹೀಗೆ.

ಎಲ್ಲರಿಗೂ ಒಂದೇ ಪಟ್ಟಿ ಎಂಬ ಆಸೆಯಿಂದ 1991ರಲ್ಲಿ ಯೂನಿಕೋಡಿನ ಮೊದಲ ಆವೃತ್ತಿ ಹೊರಬಂತು. ಕನ್ನಡಕ್ಕೆ 3200ರಿಂದ 3327ರವರೆಗಿನ ಮನೆಗಳು, ಗಣಿತದ ಚಿಹ್ನೆಗಳಿಗೆ 8704ರಿಂದ 8959ರವರೆಗಿನ ಮನೆಗಳು ಸಿಕ್ಕವು. ನಮ್ಮ ಕ 3221, ವರ್ಗಮೂಲ 8730. ಒಂದೇ ಸಾಲಿನಲ್ಲಿ ಕನ್ನಡದ ಮಾತೂ ಗಣಿತದ ವಾಕ್ಯವೂ ಪರಸ್ಪರ ತುಳಿಯದೆ ಕೂರಲು ಸಾಧ್ಯವಾದದ್ದು ಇದರಿಂದ. ಇಷ್ಟಾದರೂ ಹಳೆಯ ಕಾಲದ ಗುರುತು ಅಳಿಸಿಲ್ಲ. ಏರಿ ಕೂತ ಅಂಕಿಗಳನ್ನೇ ನೋಡಿ: ¹, ², ³ ಮೂರಕ್ಕೂ ಹಿಂದಿನ ಪಟ್ಟಿಯಲ್ಲಿ ಜಾಗವಿತ್ತು, ಹಾಗಾಗಿ ಅವು ಅಲ್ಲೇ 185, 178, 179ರಲ್ಲಿ ಉಳಿದವು. ⁴ರಿಂದ ಮುಂದಿನವು 8308ರಿಂದ ಶುರು. ಅಣ್ಣತಮ್ಮಂದಿರು ಬೇರೆ ಬೇರೆ ಬೀದಿಯಲ್ಲಿ ಮನೆ ಮಾಡಿದಂತೆ. ಕೆಲವು ಫಾಂಟುಗಳಲ್ಲಿ ಮೊದಲ ಬೀದಿಯ ಚಿತ್ರಗಳಷ್ಟೇ ಇರುತ್ತವೆ. ಆಗ ಫೋನು ² ಅನ್ನು ಒಂದು ಫಾಂಟಿನಿಂದ, ⁵ ಅನ್ನು ಇನ್ನೊಂದರಿಂದ ಎರವಲು ತಂದು ತೋರಿಸುತ್ತದೆ. ಎರಡೂ ಒಂದೇ ಎತ್ತರದಲ್ಲಿ ಕೂರದಿದ್ದರೆ ಕಾರಣ ಇದು. ಎಲ್ಲೂ ಸಿಗದಿದ್ದಾಗ ಖಾಲಿ ಚೌಕ ಕಾಣುತ್ತದೆ. ಆ ಚೌಕ ಕಂಡರೆ ಗಾಬರಿ ಬೇಡ. ಸಂಖ್ಯೆ ಒಳಗೆ ಭದ್ರವಾಗಿದೆ, ಚಿತ್ರ ಮಾತ್ರ ಇಲ್ಲ.

ಈಗ ಕೈಕೆಲಸಕ್ಕೆ ಬರೋಣ. ಆಂಡ್ರಾಯ್ಡ್ ಫೋನಿನಲ್ಲಿ ಜಿಬೋರ್ಡ್ ಎಂಬ ಕೀಲಿಮಣೆ ಇದ್ದರೆ ಅಂಕಿಗಳ ಪುಟಕ್ಕೆ ಹೋಗಿ 3ರ ಮೇಲೆ ಬೆರಳು ಒತ್ತಿ ಹಿಡಿಯಿರಿ: ³ ಮೇಲೆದ್ದು ಬರುತ್ತದೆ, ಜೊತೆಗೆ ¾. ಸಮಚಿಹ್ನೆಯನ್ನು ಒತ್ತಿ ಹಿಡಿದರೆ ≠, ≈, ∞. √, π, ×, ÷ ಇರುವುದು ಅದರಾಚೆಯ ಚಿಹ್ನೆಗಳ ಪುಟದಲ್ಲಿ. ಐಫೋನಿನಲ್ಲಿ ಸೊನ್ನೆಯನ್ನು ಒತ್ತಿ ಹಿಡಿದರೆ ° ಸಿಗುತ್ತದೆ. ಸಿಗದ ಚಿಹ್ನೆಯನ್ನು ಒಮ್ಮೆ ಎಲ್ಲಿಂದಲಾದರೂ ತಂದು, ಸೆಟ್ಟಿಂಗ್ಸ್‌ನಲ್ಲಿ ಕೀಬೋರ್ಡಿನ ಕೆಳಗಿರುವ ಪಠ್ಯ ಬದಲಾವಣೆಯ ಸೌಲಭ್ಯದಲ್ಲಿ ಒಂದು ಅಡ್ಡಹೆಸರು ಕೊಟ್ಟು ಇಟ್ಟುಕೊಳ್ಳಬಹುದು. ಆಮೇಲೆ ಅಡ್ಡಹೆಸರು ಬರೆದರೆ ಚಿಹ್ನೆ ತಾನಾಗಿ ಬರುತ್ತದೆ. ದಿನವೂ ಗಣಿತ ಬರೆಯುವ ಶಿಕ್ಷಕರು ಒಂದು ಭಾನುವಾರ ಕೂತು ಹತ್ತು ಹದಿನೈದು ಚಿಹ್ನೆಗಳಿಗೆ ಹೀಗೆ ಮಾಡಿಟ್ಟುಕೊಂಡರೆ ವರ್ಷವಿಡೀ ಸುಖ.

ಮ್ಯಾಕ್ ಕಂಪ್ಯೂಟರಿನ ಏರ್ಪಾಡು ನನಗೆ ಎಲ್ಲಕ್ಕಿಂತ ಇಷ್ಟ, ನೆನಪಿಗೆ ಹತ್ತುವಂತಿದೆ. ಆಪ್ಷನ್ ಕೀಲಿಯ ಜೊತೆ ವಿ ಒತ್ತಿದರೆ √, ವಿ ಅಕ್ಷರದ ಆಕಾರವೇ ಮೂಲಚಿಹ್ನೆಯಲ್ಲಿದೆಯಲ್ಲ. ಪಿ ಒತ್ತಿದರೆ π. ಸಮಚಿಹ್ನೆ ಒತ್ತಿದರೆ ≠. ಅಲ್ಪವಿರಾಮದ ಕೀಲಿಯ ಮೇಲೆಯೇ < ಇರುವುದರಿಂದ ಅದನ್ನು ಒತ್ತಿದರೆ ≤. ಹೊಸ ವಿಂಡೋಸಿನಲ್ಲಿ ವಿಂಡೋಸ್ ಕೀಲಿಯ ಜೊತೆ ಪೂರ್ಣವಿರಾಮದ ಚುಕ್ಕಿ ಒತ್ತಿದರೆ ಎಮೋಜಿಗಳ ಕಿಟಕಿ ತೆರೆಯುತ್ತದೆ, ಅದರೊಳಗೆ ಗಣಿತದ ಚಿಹ್ನೆಗಳಿಗೂ ಒಂದು ಪುಟವಿದೆ. ಅಂಕಿಗುಂಪಿಲ್ಲದ ಲ್ಯಾಪ್‌ಟಾಪಿನವರಿಗೆ ಇದೇ ಸುಲಭ.

ವರ್ಡ್‌ನಲ್ಲಿ ಇನ್ನೊಂದು ಚಂದದ ದಾರಿಯಿದೆ. 2264 ಎಂದು ಬರೆದು, ಆಲ್ಟ್ ಮತ್ತು ಎಕ್ಸ್ ಒಟ್ಟಿಗೆ ಒತ್ತಿ. ಬರೆದ ಅಂಕಿಗಳು ಅಳಿಸಿ ಆ ಜಾಗದಲ್ಲಿ ≤ ನಿಲ್ಲುತ್ತದೆ. ಈ 2264 ನಾವು ಬಳಸುವ ಹತ್ತರ ಲೆಕ್ಕದ್ದಲ್ಲ, ಹದಿನಾರರ ಲೆಕ್ಕದ್ದು. ಎಡದಿಂದ ಬಿಡಿಸಿದರೆ 2 × 4096, 2 × 256, 6 × 16, 4 × 1. ಎಲ್ಲ ಕೂಡಿದರೆ 8804. ಅದೇ ≤ ಚಿಹ್ನೆಯ ಮನೆ ನಂಬರು. ಲಿನಕ್ಸ್‌ನ ಹಲವು ಆವೃತ್ತಿಗಳಲ್ಲೂ ಕಂಟ್ರೋಲ್, ಶಿಫ್ಟ್, ಯು ಮೂರನ್ನೂ ಒತ್ತಿ ಅದೇ 2264 ಬರೆದು ಎಂಟರ್ ಒತ್ತಿದರೆ ಅದೇ ಚಿಹ್ನೆ. ಕಂಪ್ಯೂಟರು ಯಾವುದಾದರೇನು, ನಂಬರು ಒಂದೇ.

ನೋಡಲು ಒಂದೇ ಥರ ಇರುವ ಚಿಹ್ನೆಗಳ ಬಗ್ಗೆ ಮಾತ್ರ ಎಚ್ಚರ ಬೇಕು. ಕೀಲಿಮಣೆಯಲ್ಲಿರುವ ಅಡ್ಡಗೆರೆ (45) ಪದ ಜೋಡಿಸುವ ಗೆರೆ. ಕಳೆಯುವ ಚಿಹ್ನೆ − ಬೇರೆ (8722), ಸ್ವಲ್ಪ ಉದ್ದ, + ಚಿಹ್ನೆಯ ಅಡ್ಡಗೆರೆಯ ಮಟ್ಟದಲ್ಲೇ ಕೂರುತ್ತದೆ. ಜೋಡಿಗೆರೆಯನ್ನು ಬಳಸಿ ಋಣ ಐದು ಎಂದು ಬರೆದರೆ ಸಾಲಿನ ಕೊನೆಯಲ್ಲಿ ಗೆರೆ ಉಳಿದು, ಐದು ಮಾತ್ರ ಮುಂದಿನ ಸಾಲಿಗೆ ಇಳಿಯಬಹುದು. ಕಣ್ಣು ಕಾಣದ ವಿದ್ಯಾರ್ಥಿಗೆ ಇದು ಇನ್ನೂ ದೊಡ್ಡ ಪೆಟ್ಟು. ತೆರೆಯನ್ನು ಗಟ್ಟಿಯಾಗಿ ಓದಿಹೇಳುವ ತಂತ್ರಾಂಶಗಳು ಜೋಡಿಗೆರೆಯನ್ನು ಎಷ್ಟೋ ಸಲ ಸದ್ದಿಲ್ಲದೆ ದಾಟಿಬಿಡುತ್ತವೆ. ಋಣ ಐದು ಅವನ ಕಿವಿಗೆ ಬರೀ ಐದಾಗಿ ಬೀಳುತ್ತದೆ. ಹಾಗೆಂದು ಕಂಪ್ಯೂಟರಿನಿಂದ ಲೆಕ್ಕ ಮಾಡಿಸುವಾಗ 8722 ಬಳಸುವಂತಿಲ್ಲ. ಪೈಥಾನ್ ಅದನ್ನು ಒಪ್ಪದು, ಅದಕ್ಕೆ 45ನೇ ಗೆರೆಯೇ ಬೇಕು. ಮನುಷ್ಯ ಓದುವುದಕ್ಕೆ ಒಂದು, ಯಂತ್ರ ಓದುವುದಕ್ಕೆ ಇನ್ನೊಂದು.

ಎಸ್ಸೆಮ್ಮೆಸ್ ಕಳಿಸುವವರಿಗೆ ಒಂದು ಮಾತು. ಒಂದು ಸಂದೇಶದಲ್ಲಿ 160 ಅಕ್ಷರ ಹಿಡಿಯುತ್ತವೆ, ಎಲ್ಲವೂ ಅದರ ಮೂಲಪಟ್ಟಿಯೊಳಗಿದ್ದರೆ. ಆ ಪಟ್ಟಿಯಲ್ಲಿ ಗ್ರೀಕಿನ Δ, Σ, Ω ಇವೆ. √, ×, π ಇಲ್ಲ. ಇಲ್ಲದ ಒಂದೇ ಒಂದು ಚಿಹ್ನೆ ಸೇರಿದರೂ ಇಡೀ ಸಂದೇಶದ ಮಿತಿ 70ಕ್ಕೆ ಇಳಿಯುತ್ತದೆ. ಕನ್ನಡದ ಒಂದೇ ಅಕ್ಷರ ಸೇರಿದರೂ ಅಷ್ಟೇ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಒಂದೇ ಸಾಲಿನಲ್ಲಿ ಕೂರುವ ಗಣಿತದ್ದು. ಗಣಿತ ಸಾಲಿಗೆ ಸೀಮಿತವಲ್ಲ. ಭಿನ್ನರಾಶಿಯಲ್ಲಿ ಅಂಶ ಮೇಲೆ, ಛೇದ ಕೆಳಗೆ. ಮೂಲಚಿಹ್ನೆಯ ಚಾವಣಿ ಒಳಗಿರುವ ಸಂಖ್ಯೆಗಳಷ್ಟು ಉದ್ದ ಚಾಚಬೇಕು. ಅದಕ್ಕೆ ಚಿಹ್ನೆಗಳ ಪಟ್ಟಿ ಸಾಲದು, ಭಾಷೆಯೇ ಬೇಕು. ಅಂಥದ್ದನ್ನು ಕಟ್ಟಿದವರು ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕನೂತ್. 1977ರಲ್ಲಿ ತಮ್ಮ ಪುಸ್ತಕದ ಎರಡನೇ ಸಂಪುಟದ ಹೊಸ ಆವೃತ್ತಿಯ ಕರಡಚ್ಚು ಕೈಗೆ ಬಂದಾಗ, ಹಳೆಯ ಮೊಳೆಯಚ್ಚಿನ ಅಂದವಿಲ್ಲದ ಆ ಪುಟಗಳನ್ನು ಕಂಡು ಅವರಿಗೆ ಬಹಳ ಬೇಸರವಾಯಿತು. ತಾವೇ ಅಕ್ಷರ ಜೋಡಿಸುವ ತಂತ್ರಾಂಶ ಬರೆಯಲು ಕೂತರು. ಟೆಕ್ ಎಂಬ ಅದು ಒಂದು ವರ್ಷದ ಕೆಲಸವಾದೀತು ಎಂದುಕೊಂಡಿದ್ದರು. ಹತ್ತು ವರ್ಷದಷ್ಟು ಹಿಡಿಯಿತು. ಅದರ ಆವೃತ್ತಿ ಸಂಖ್ಯೆ ಪ್ರತಿ ತಿದ್ದುಪಡಿಯಲ್ಲೂ π ಕಡೆಗೆ ಒಂದೊಂದು ದಶಮಾಂಶ ಸ್ಥಾನ ಮುಂದೆ ಹೋಗುತ್ತದೆ. 2021ರ ಹೊತ್ತಿಗೆ 3.141592653. ಟೆಕ್‌ನಲ್ಲಿ ಬರೆಯುವವರು ಆಕಾರ ಬಿಡಿಸುವುದಿಲ್ಲ. ಇದು ಭಿನ್ನರಾಶಿ, ಅಂಶ ಇಷ್ಟು, ಛೇದ ಇಷ್ಟು ಎಂದು ಸಾದಾ ಅಕ್ಷರಗಳಲ್ಲೇ ಹೇಳುತ್ತಾರೆ. ಸಾದಾ ಅಕ್ಷರವಾದ್ದರಿಂದ ಯಾವ ದಾರಿಯಲ್ಲಿ ಕಳಿಸಿದರೂ ಅದು ಕೆಡುವುದಿಲ್ಲ. ವೆಬ್ ಪುಟಗಳಿಗೆಂದೇ 1998ರಲ್ಲಿ ಮ್ಯಾಥ್‌ಎಂಎಲ್ ಬಂತು, ಕ್ರೋಮ್ ಬ್ರೌಸರ್ ಅದನ್ನು ಗಟ್ಟಿಯಾಗಿ ಒಳಗೆ ಸೇರಿಸಿಕೊಂಡದ್ದು 2023ರಲ್ಲಿ.

ಆ ಸಂಜೆ ಇಷ್ಟೆಲ್ಲ ಹೇಳಲಿಲ್ಲ. 3ನ್ನು ಒತ್ತಿ ಹಿಡಿಯುವುದನ್ನಷ್ಟೇ ತೋರಿಸಿದೆ. ಅವಳ ಕಣ್ಣರಳಿತು. ಸಿಕ್ಕಿದ ಅಂಕಿಗಳನ್ನೆಲ್ಲ ಒಂದೊಂದಾಗಿ ಮೇಲಕ್ಕೇರಿಸಿ ನೋಡಿದಳು. 2³ + 3² = 8 + 9 = 17 ಎಂದು ಬರೆದು, ಪ್ರಶ್ನೆ ಹೇಗೆ ಕಾಣಿಸಿತ್ತು ಎಂಬ ಸ್ಕ್ರೀನ್‌ಶಾಟ್ ಸಮೇತ ಮಿಸ್‌ಗೆ ಕಳಿಸಿದಳು. ಐದೇ ನಿಮಿಷಕ್ಕೆ ಉತ್ತರ ಬಂತು. ಅರ್ಧ ತರಗತಿ 55 ಎಂದೇ ಬರೆದಿದೆಯಂತೆ, ಎಲ್ಲರಿಗೂ ಅಂಕ ಕೊಡುತ್ತಾರಂತೆ.

"ಮಾಮ, ಕನ್ನಡ ಅಂಕಿಲಿ ಬರಿಬೋದಾ?" ಎಂದಳು ಆಮೇಲೆ. ೨ ಸಿಕ್ಕಿತು, ಅದರ ಮನೆ 3304. ೩ ಸಿಕ್ಕಿತು, 3305. ಏರಿ ಕೂತ ೩ ಮಾತ್ರ ಎಲ್ಲಿ ಹುಡುಕಿದರೂ ಸಿಗಲಿಲ್ಲ. ಯೂನಿಕೋಡಿನಲ್ಲಿ ಅದಕ್ಕೆ ಮನೆಯೇ ಇಲ್ಲ. ಅವಳು ಸ್ವಲ್ಪ ಹೊತ್ತು ಯೋಚಿಸಿ ಪೆನ್ಸಿಲ್ ತೆಗೆದಳು. ನೋಟ್‌ಬುಕ್ಕಿನಲ್ಲಿ ದುಂಡಗೆ ೨ ಬರೆದು, ಅದರ ಬಲ ಹೆಗಲ ಮೇಲೆ ಪುಟ್ಟದೊಂದು ೩ ಕೂರಿಸಿ, ಫೋಟೋ ತೆಗೆದು ಅದನ್ನೂ ಮಿಸ್‌ಗೆ ಕಳಿಸಿದಳು.